ಎರಡು ಚಾಸಿಸ್, ಒಂದೇ ಡೊಮೈನ್: ಮಹಾಪೆಯ ಸರ್ವರ್ ಕೋಣೆಯ ಕೆಲಸದ ದಾಖಲೆ

ಪುಣೆಯ ಶಾಖೆಯಿಂದ ಬಂದ ಬ್ಲೇಡ್ ಚಾಸಿಸ್ಸನ್ನು (ಹಲವು ತೆಳು ಸರ್ವರ್‌ಗಳು ಒಟ್ಟಿಗೆ ಕೂರುವ ಪೆಟ್ಟಿಗೆಯನ್ನು) ನವಿ ಮುಂಬೈಯ ಮಹಾಪೆಯಲ್ಲಿರುವ ನಮ್ಮ ಸರ್ವರ್ ಕೋಣೆಯ ಹಳೆಯ ಚಾಸಿಸ್ಸಿನ ಪಕ್ಕದಲ್ಲಿ ನಿಲ್ಲಿಸಿ, ಎರಡನ್ನೂ ಒಂದೇ ಜೋಡಿ ಸ್ವಿಚ್‌ಗಳಿಗೆ ಸೇರಿಸಿದ ಮೇಲೆ ತೊಂದರೆ ಶುರುವಾಯಿತು. ಕೆಲವು ಸರ್ವರ್‌ಗಳು ಪಿಂಗ್‌ಗೆ (ಇದ್ದೀಯಾ ಎಂದು ಕೇಳುವ ಸಣ್ಣ ಸಂದೇಶಕ್ಕೆ) ಉತ್ತರ ಕೊಡುತ್ತವೆ, ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತವೆ, ಯಾರೂ ಏನೂ ಮಾಡದಿದ್ದರೂ ಮತ್ತೆ ಎದ್ದು ಕೂರುತ್ತವೆ. ಎರಡೂ ಚಾಸಿಸ್‌ಗಳ ನಿರ್ವಹಣಾ ಪರದೆ ತೆರೆದರೆ ಎಲ್ಲೆಡೆ ಹಸಿರು ಗುರುತು. ಒಂದು ದೋಷವೂ ಇಲ್ಲ, ಒಂದು ಎಚ್ಚರಿಕೆಯೂ ಇಲ್ಲ.

ಕಾರಣ ಸಿಕ್ಕಿದ್ದು ಮೇಲಿನ ಸ್ವಿಚ್‌ನ ಲಾಗ್‌ನಲ್ಲಿ. ನಮ್ಮ ನೆಟ್‌ವರ್ಕ್ ನೋಡಿಕೊಳ್ಳುವ ಹಿರಿಯರು ಕುಂದಾಪುರ ಕಡೆಯವರು. ಮುಂಬೈಗೆ ಬಂದು ಅರ್ಧ ಆಯುಷ್ಯ ಕಳೆದಿದ್ದರೂ ಸರ್ವರ್ ಕೋಣೆಯೊಳಗೆ ಅವರಿಗೆ ಕನ್ನಡವೇ ಬೇಕು. ಅವರು ಲಾಗ್‌ನ ಸಾಲುಗಳನ್ನು ನನ್ನ ಮುಂದೆ ಹಿಡಿದರು. ಒಂದೇ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಒಮ್ಮೆ ಮೊದಲ ಚಾಸಿಸ್ಸಿನ ಪೋರ್ಟ್‌ನಲ್ಲಿ, ಮತ್ತೊಮ್ಮೆ ಎರಡನೆಯದರ ಪೋರ್ಟ್‌ನಲ್ಲಿ ಕಾಣಿಸಿಕೊಳ್ಳುತ್ತಿದೆ ಎಂದು ಸ್ವಿಚ್ ದೂರುತ್ತಿತ್ತು. “ಇದು ಲೂಪ್ ಅಲ್ಲ ಮಾರಾಯರೇ, ಪ್ಯಾಕೆಟ್ ಹಾಗೆ ಸುತ್ತಿದಲ್ಲೇ ಸುತ್ತುತ್ತಿದ್ದರೆ ಇಡೀ ಕಟ್ಟಡ ಮಲಗುತ್ತಿತ್ತು. ನಿಮ್ಮ ಎರಡು ಸರ್ವರ್‌ಗಳಿಗೆ ಒಂದೇ ವಿಳಾಸ ಇದೆ” ಎಂದರು. ವಿಳಾಸಗಳೆಲ್ಲ 00-17-ಎ4-77 ಎಂದೇ ಶುರುವಾಗುತ್ತಿದ್ದವು. ಅದನ್ನು ನೋಡಿದ ಕೂಡಲೇ ವಿಷಯ ಎಲ್ಲಿದೆ ಎಂಬುದು ತಿಳಿಯಿತು.

ನಮ್ಮವು ಎಚ್‌ಪಿ ಕಂಪನಿಯ ಬ್ಲೇಡ್‌ಸಿಸ್ಟಮ್ ಸಿ7000 ಚಾಸಿಸ್‌ಗಳು. ಈ ಸರಣಿ ಬಂದದ್ದು 2006ರಲ್ಲಿ. ರ‍್ಯಾಕ್‌ನಲ್ಲಿ 10 ಯೂನಿಟ್ ಎತ್ತರ. ಮುಂದೆ ಅರ್ಧ ಎತ್ತರದ 16 ಬ್ಲೇಡ್ ಸರ್ವರ್‌ಗಳು, ಹಿಂದೆ ಸ್ವಿಚ್ ಬಗೆಯ ಮಾಡ್ಯೂಲ್‌ಗಳಿಗೆ 8 ಗೂಡುಗಳು. ನಮ್ಮಲ್ಲಿ ಗೂಡು 1 ಮತ್ತು 2ರಲ್ಲಿ ವರ್ಚುವಲ್ ಕನೆಕ್ಟ್ ಫ್ಲೆಕ್ಸ್-10 ಮಾಡ್ಯೂಲ್‌ಗಳಿವೆ. ವರ್ಚುವಲ್ ಕನೆಕ್ಟ್‌ನ ಹೂರಣ ಇಷ್ಟೇ: ಸರ್ವರ್‌ನ ನೆಟ್‌ವರ್ಕ್ ಗುರುತನ್ನು ಕಾರ್ಡಿನಿಂದ ಬಿಡಿಸಿ, ಪ್ರೊಫೈಲ್ ಎಂಬ ದಾಖಲೆಯಲ್ಲಿ ಇಟ್ಟು, ಆ ದಾಖಲೆಯನ್ನು ಚಾಸಿಸ್ಸಿನ ಮುಂದೆ ಬ್ಲೇಡ್ ಕೂರುವ ಗೂಡಿಗೆ ಕಟ್ಟುತ್ತದೆ. ತಹಶೀಲ್ದಾರರು ವರ್ಗವಾಗಿ ಹೋದರೂ ಹುದ್ದೆ, ಮೊಹರು, ಕಡತ ಅದೇ ಕಚೇರಿಯಲ್ಲಿ ಉಳಿಯುವ ಹಾಗೆ, ಬ್ಲೇಡ್ ಕೆಟ್ಟು ಹೊಸ ಬ್ಲೇಡ್ ಬಂದರೂ ಮ್ಯಾಕ್ ವಿಳಾಸ, ವಿಲ್ಯಾನ್ (ಒಂದೇ ತಂತಿಯಲ್ಲಿ ಬೇರ್ಪಡಿಸಿದ ಜಾಲ), ಬೇಕೆಂದರೆ ಸೀರಿಯಲ್ ಸಂಖ್ಯೆಯೂ ಹಾಗೆಯೇ ಉಳಿಯುತ್ತವೆ.

ಆ ಮ್ಯಾಕ್ ವಿಳಾಸಗಳು ಬರುವುದು ಕಂಪನಿ ಮೊದಲೇ ಕಾದಿರಿಸಿದ 64 ಶ್ರೇಣಿಗಳಿಂದ. ಮೊದಲ ಶ್ರೇಣಿಯಲ್ಲಿ ವಿಳಾಸದ ಕೊನೆ 00-00ರಿಂದ 03-ಎಫ್‌ಎಫ್ ತನಕ, ಅಂದರೆ 1,024 ವಿಳಾಸ. ಡೊಮೈನ್, ಅಂದರೆ ಒಂದೇ ಆಡಳಿತದಡಿ ನಡೆಯುವ ಮಾಡ್ಯೂಲ್‌ಗಳ ಗುಂಪು, ಕಟ್ಟುವಾಗ ಯಾವ ಶ್ರೇಣಿ ಬೇಕೆಂದು ಆರಿಸಬೇಕು. ಮಹಾಪೆಯ ಡೊಮೈನ್ ಕಟ್ಟಿದವರೂ ಮೊದಲನೆಯದನ್ನು ಆರಿಸಿದ್ದರು, ಪುಣೆಯಲ್ಲಿ ಕಟ್ಟಿದವರೂ ಮೊದಲನೆಯದನ್ನೇ ಆರಿಸಿದ್ದರು. ಊರು ಬೇರೆ ಇದ್ದಷ್ಟು ಕಾಲ ಯಾರಿಗೂ ಬಾಧೆ ಇರಲಿಲ್ಲ. ಒಂದೇ ಕೋಣೆಗೆ, ಒಂದೇ ಆಡಳಿತದ ವಿಲ್ಯಾನ್‌ಗೆ ಬಂದಾಗ ಘರ್ಷಣೆ.

ಒಂದೊಂದು ಚಾಸಿಸ್ಸಿನ ಪರದೆ ತನ್ನ ಮನೆಯನ್ನು ಮಾತ್ರ ನೋಡುತ್ತದೆ. ಪಕ್ಕದ ಚಾಸಿಸ್ ಏನು ಹಂಚಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಎಲ್ಲ ಹಸಿರು. ನಾನು ದೂರದಿಂದ ಆದೇಶ ಕೊಡಲು ಬಳಸುವ ಎಸ್‌ಎಸ್‌ಎಚ್ ಮೂಲಕ ಎರಡೂ ಕಡೆ ಒಳಹೊಕ್ಕು ‘ಶೋ ಪ್ರೊಫೈಲ್’ ಆದೇಶಕ್ಕೆ ನಕ್ಷತ್ರ ಚಿಹ್ನೆ ಸೇರಿಸಿ ಕೊಟ್ಟೆ. ಪ್ರತಿಯೊಂದು ಪ್ರೊಫೈಲ್‌ನ ಪೂರ್ಣ ವಿವರ ಬಂತು. ಎರಡೂ ಉತ್ತರಗಳನ್ನು ಪಠ್ಯ ಕಡತಗಳಾಗಿ ಉಳಿಸಿ, ಮ್ಯಾಕ್ ಸಾಲುಗಳನ್ನು ಮಾತ್ರ ಹೆಕ್ಕಿ, ವಿಂಗಡಿಸಿ, ಎರಡು ಬಾರಿ ಬಂದವುಗಳನ್ನು ತೋರಿಸು ಎಂದೆ. ಪಟ್ಟಿ ಪರದೆಯನ್ನು ದಾಟಿ ಕೆಳಗೆ ಹೋಯಿತು. ಆಜ್ಞಾಸಾಲಿನ ಬಗ್ಗೆ ನನಗಿರುವ ಅಭಿಮಾನಕ್ಕೆ ಇಂಥವೇ ಕಾರಣ: ಅದು ಕೊಟ್ಟದ್ದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸಬಹುದು.

ಪುಣೆಯ ಬ್ಲೇಡ್‌ಗಳ ವಿದ್ಯುತ್ ಆರಿಸಿ ಇಟ್ಟೆವು. ಮಹಾಪೆಯವು ನೆಟ್ಟಗಾದವು. ಉಳಿದದ್ದು ದಾರಿ ಯಾವುದು ಎಂಬ ಪ್ರಶ್ನೆ.

ಎರಡನೆಯ ಡೊಮೈನಿಗೆ ಬೇರೆ ಶ್ರೇಣಿ ಕೊಟ್ಟು ಎರಡನ್ನೂ ಬೇರೆಬೇರೆಯಾಗಿಯೇ ನಡೆಸಬಹುದಿತ್ತು. ನೂರಾರು ಚಾಸಿಸ್ ಇರುವ ದೊಡ್ಡ ಸಂಸ್ಥೆಗಳಿಗಾಗಿ ವರ್ಚುವಲ್ ಕನೆಕ್ಟ್ ಎಂಟರ್‌ಪ್ರೈಸ್ ಮ್ಯಾನೇಜರ್ ಎಂಬ ತಂತ್ರಾಂಶ ಇತ್ತು. ವಿಳಾಸಗಳ ಕಣಜವನ್ನು ತಾನೊಂದೇ ಇಟ್ಟುಕೊಂಡು 250 ಡೊಮೈನ್‌ಗಳ ತನಕ ಹಂಚುವಂಥದ್ದು. ಆಮೇಲೆ ಆ ಜಾಗಕ್ಕೆ ಒನ್‌ವ್ಯೂ ಬಂತು. ಎರಡು ಚಾಸಿಸ್‌ಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ. ಒಂದು ಡೊಮೈನಿನೊಳಗೆ ನಾಲ್ಕು ಸಿ7000 ಚಾಸಿಸ್‌ಗಳನ್ನು ಕೇಬಲ್‌ನಿಂದ ಹೆಣೆದು ಸೇರಿಸಬಹುದು. ಆಗ ಮೊದಲ ಚಾಸಿಸ್ಸಿನ ಮಾಡ್ಯೂಲ್‌ನೊಳಗೇ ಓಡುವ ವರ್ಚುವಲ್ ಕನೆಕ್ಟ್ ಮ್ಯಾನೇಜರ್ ಎಲ್ಲವನ್ನೂ ನೋಡಿಕೊಳ್ಳುತ್ತದೆ. ಪ್ರತ್ಯೇಕ ಸರ್ವರ್ ಬೇಡ, ಪ್ರತ್ಯೇಕ ಡೇಟಾಬೇಸ್ ಬೇಡ. ನಾವು ಆರಿಸಿದ್ದು ಇದನ್ನು.

ಮೊದಲು ಫರ್ಮ್‌ವೇರ್, ಅಂದರೆ ಯಂತ್ರದೊಳಗೇ ಇರುವ ತಂತ್ರಾಂಶ. ಒಂದು ಡೊಮೈನಿನ ವರ್ಚುವಲ್ ಕನೆಕ್ಟ್ ಮಾಡ್ಯೂಲ್‌ಗಳೆಲ್ಲ ಒಂದೇ ಆವೃತ್ತಿಯಲ್ಲಿರಬೇಕು. ಇದಕ್ಕೆ ವರ್ಚುವಲ್ ಕನೆಕ್ಟ್ ಸಪೋರ್ಟ್ ಯುಟಿಲಿಟಿ ಎಂಬ ಆಜ್ಞಾಸಾಲಿನ ಉಪಕರಣ ಇದೆ. ಅದರ ‘ಹೆಲ್ತ್‌ಚೆಕ್’ ಓಡಿಸದೆ ನವೀಕರಣಕ್ಕೆ ಕೈ ಹಾಕಬಾರದು. ಪ್ರತಿ ಮಾಡ್ಯೂಲ್‌ಗೆ ವಿದ್ಯುತ್ ಇದೆಯೇ, ಐಪಿ ಸಿಕ್ಕಿದೆಯೇ, ಸಂರಚನೆ ಹೊಂದಿಕೆಯಾಗಿದೆಯೇ ಎಂದು ಅದು ಸಾಲಾಗಿ ಹೇಳುತ್ತದೆ. ಈ ಹೆಜ್ಜೆಯಲ್ಲಿ ಹೇಳುವಂಥದ್ದು ಹೆಚ್ಚೇನೂ ಇಲ್ಲ, ಚೆನ್ನಾಗಿಯೇ ಆಯಿತು.

ಪುಣೆಯ ಚಾಸಿಸ್ಸಿನ ವಿದ್ಯುತ್ ಬಗ್ಗೆ ಒಂದು ಮಾತು. ಒಂದು ಸಿ7000ದಲ್ಲಿ ಆರು ಪವರ್ ಸಪ್ಲೈ. ಅವುಗಳಿಗೆ ನಮ್ಮ ಮನೆಯ ಕಂಪ್ಯೂಟರ್‌ನ ಸಣ್ಣ ಪಿನ್ ಸಾಲದು, 16 ಆಂಪಿಯರ್‌ನ ದಪ್ಪ ಪಿನ್ ಬೇಕು. ಮೂರನ್ನು ಒಂದು ಯುಪಿಎಸ್ ಸಾಲಿಗೆ, ಮೂರನ್ನು ಇನ್ನೊಂದಕ್ಕೆ ಕೊಡಿಸಿದೆವು. ಮಳೆಗಾಲ ಹೊರಗೆ ಸುರಿಯುತ್ತಿತ್ತು. ಎಲೆಕ್ಟ್ರಿಷಿಯನ್ ಮರಾಠಿಯಲ್ಲಿ ಗೊಣಗುತ್ತಲೇ ಅಚ್ಚುಕಟ್ಟಾಗಿ ಕೆಲಸ ಮುಗಿಸಿಕೊಟ್ಟರು.

ಇನ್ನು ಹೆಣಿಗೆ. ಒಂದೇ ಚಾಸಿಸ್ಸಿನ ಗೂಡು 1 ಮತ್ತು 2ರ ಮಾಡ್ಯೂಲ್‌ಗಳು ಒಳಗಿನಿಂದಲೇ ಜೋಡಿಸಿಕೊಂಡಿರುತ್ತವೆ. ಫ್ಲೆಕ್ಸ್-10ರಲ್ಲಿ ಎಕ್ಸ್7, ಎಕ್ಸ್8 ಎಂಬ ಪೋರ್ಟ್‌ಗಳು ಈ ಒಳದಾರಿಯೊಂದಿಗೆ ಹಂಚಿಕೊಂಡವು, ಆದ್ದರಿಂದ ಅವುಗಳನ್ನು ಹೊರಗಿನ ಕೆಲಸಕ್ಕೆ ಬಳಸುವುದಿಲ್ಲ ಎಂದು ಮೊದಲೇ ಗೆರೆ ಎಳೆದೆವು. ಹೊರಗಿನ ಹೆಣಿಗೆಗೆ ಎಕ್ಸ್5 ಗೊತ್ತು ಮಾಡಿದೆವು. ಮೊದಲ ಚಾಸಿಸ್ಸಿನ ಗೂಡು 1ರಿಂದ ಎರಡನೆಯದರ ಗೂಡು 1ಕ್ಕೆ ಒಂದು ತಾಮ್ರದ ಕೇಬಲ್, ಗೂಡು 2ರಿಂದ ಗೂಡು 2ಕ್ಕೆ ಇನ್ನೊಂದು. ಒಳಗಿನ ಕೊಂಡಿಗಳು, ಹೊರಗಿನ ಎರಡು ಕೇಬಲ್ ಸೇರಿ ಬಳೆಯ ಆಕಾರ. ಎಲ್ಲಿ ಒಂದು ಕಡೆ ತುಂಡಾದರೂ ಇನ್ನೊಂದು ದಿಕ್ಕಿನಿಂದ ದಾರಿ ಉಳಿಯುತ್ತದೆ.

ಈ ಎಸ್‌ಎಫ್‌ಪಿ ತಲೆಯ ಕೇಬಲ್ ಚುಚ್ಚುವುದನ್ನು ನಮ್ಮ ಜೊತೆಗಿರುವ ವಿಜಯಪುರದ ಹುಡುಗನಿಗೆ ಕಲಿಸಿದೆ. ತಲೆಯನ್ನು ನೇರವಾಗಿ ಹಿಡಿದು ಒಳಗೆ ತಳ್ಳಬೇಕು; ಬಾಯಿಯ ಅಂಚಿನಲ್ಲಿ ಸ್ವಲ್ಪ ತಡೆದಂತೆ ಆಗಿ, ಮತ್ತೆ ಜಾರಿ, ಕೊನೆಯಲ್ಲಿ ಕಟ್ ಎಂದು ಕೂರುತ್ತದೆ. ಆ ಕಟ್ ಕೇಳುವ ತನಕ ಕೈ ಬಿಡಬಾರದು. ಆಮೇಲೆ ಕೇಬಲ್ಲನ್ನು ನಿಧಾನವಾಗಿ ಹಿಂದಕ್ಕೆ ಎಳೆದು ನೋಡಬೇಕು, ಕೊಕ್ಕೆ ಹಿಡಿದಿದ್ದರೆ ಅಲುಗುವುದಿಲ್ಲ. ತಾಮ್ರದ ಈ ಕೇಬಲ್ ದಪ್ಪ, ಬಾಗಿಸಿದರೆ ತಲೆಯ ಮೇಲೆ ಭಾರ ಬೀಳುತ್ತದೆ. ಆದ್ದರಿಂದ ರ‍್ಯಾಕ್‌ನ ಪಕ್ಕದ ಪಟ್ಟಿಗೆ ಸಡಿಲವಾಗಿ ಕಟ್ಟಿದೆವು. ಪ್ರತಿ ತುದಿಗೂ ಎದುರು ತುದಿಯ ವಿಳಾಸ ಬರೆದ ಚೀಟಿ: ಯಾವ ಚಾಸಿಸ್, ಯಾವ ಗೂಡು, ಯಾವ ಪೋರ್ಟ್.

ಪುಣೆಯ ಹಳೆಯ ಡೊಮೈನನ್ನು ಅಳಿಸದೆ ಅದನ್ನು ನಮ್ಮ ಡೊಮೈನಿಗೆ ಸೇರಿಸಲು ಬರುವುದಿಲ್ಲ. ಅಳಿಸುವ ಮೊದಲು ಅದರ ಸಂರಚನೆಯ ಬ್ಯಾಕಪ್ಪನ್ನೂ, ಪ್ರೊಫೈಲ್, ನೆಟ್‌ವರ್ಕ್, ಅಪ್‌ಲಿಂಕ್ (ಮೇಲಿನ ಸ್ವಿಚ್‌ಗೆ ಹೋಗುವ ಕೊಂಡಿ) ಎಲ್ಲದರ ಪಠ್ಯ ಪ್ರತಿಯನ್ನೂ ತೆಗೆದಿಟ್ಟೆ. ಬ್ಯಾಕಪ್ ಕಡತವನ್ನು ಮನುಷ್ಯರು ಓದಲು ಆಗುವುದಿಲ್ಲ. ಯಾವ ಸರ್ವರ್‌ಗೆ ಯಾವ ವಿಲ್ಯಾನ್ ಇತ್ತು ಎಂದು ನಾಳೆ ಕೇಳಿದರೆ ಉತ್ತರ ಹೇಳುವುದು ಪಠ್ಯ ಪ್ರತಿಯೇ. ಆಮೇಲೆ ‘ಡಿಲೀಟ್ ಡೊಮೈನ್’. ಆ ಕ್ಷಣದಿಂದ ಆ ಬ್ಲೇಡ್‌ಗಳು ಕಾರ್ಖಾನೆಯಲ್ಲಿ ಸುಟ್ಟ ತಮ್ಮ ಮೂಲ ಮ್ಯಾಕ್ ವಿಳಾಸಗಳಿಗೆ ಮರಳಿದವು.

ಸೇರಿಸುವ ಕೆಲಸವನ್ನು ಚಿತ್ರಪರದೆಯಲ್ಲಿ ಮಾಡಿದೆವು. ಇಲ್ಲಿ ಒಂದು ತೊಡಕಿದೆ, ಹಳೆಯ ಚಾಸಿಸ್ ಇರುವವರೆಲ್ಲರೂ ಅನುಭವಿಸಿರುತ್ತಾರೆ. ನಮ್ಮ ಆವೃತ್ತಿಯ ಪರದೆಗೆ ಅಡೋಬ್ ಫ್ಲ್ಯಾಶ್ ಬೇಕು. ಫ್ಲ್ಯಾಶ್‌ಗೆ ಬೆಂಬಲ 2020ರ ಡಿಸೆಂಬರ್ 31ಕ್ಕೆ ನಿಂತುಹೋಯಿತು. ಇಂದಿನ ಬ್ರೌಸರ್‌ನಲ್ಲಿ ಅದು ತೆರೆಯುವುದಿಲ್ಲ. ಅದಕ್ಕೆಂದೇ ಹಳೆಯ ಬ್ರೌಸರ್ ಉಳಿಸಿಕೊಂಡ ಒಂದು ಲ್ಯಾಪ್‌ಟಾಪ್ ಕೋಣೆಯಲ್ಲಿದೆ. ಅದು ಆಡಳಿತದ ವಿಲ್ಯಾನ್‌ಗೆ ಮಾತ್ರ ಸೇರುತ್ತದೆ, ಇಂಟರ್ನೆಟ್‌ನ ಮುಖ ನೋಡುವುದಿಲ್ಲ. ಆಜ್ಞಾಸಾಲು ಮಾತ್ರ ನಾನು ದಿನಾ ಬಳಸುವ ಯಂತ್ರದಿಂದಲೇ ಇಂದಿಗೂ ಸಲೀಸು. ಪರದೆ ಬೇಡ ಎಂದು ನಾನು ಹೇಳುವುದಿಲ್ಲ. ಹೊಸ ಚಾಸಿಸ್ ಹುಡುಕಿ ಸೇರಿಸುವುದು, ಯಾವ ಕೇಬಲ್ ಎಲ್ಲಿಗೆ ಹೋಗಿದೆ ಎಂದು ಚಿತ್ರದಲ್ಲಿ ನೋಡುವುದು, ಹೊಸಬರಿಗೆ ಅರ್ಥ ಮಾಡಿಸುವುದು, ಇವಕ್ಕೆ ಅದೇ ವಾಸಿ. ಎರಡನೆಯ ಚಾಸಿಸ್ಸಿನ ಆನ್‌ಬೋರ್ಡ್ ಅಡ್ಮಿನಿಸ್ಟ್ರೇಟರ್‌ನ (ಚಾಸಿಸ್ಸನ್ನೇ ನೋಡಿಕೊಳ್ಳುವ ಘಟಕದ) ಐಪಿ, ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟ ಮೇಲೆ ಅದು ಪಟ್ಟಿಗೆ ಬಂತು, ಸೇರಿಸು ಎಂದೆವು, ಸೇರಿತು. ಬಲಬದಿಯ ಚಿತ್ರದಲ್ಲಿ ಎರಡು ಪೆಟ್ಟಿಗೆಗಳು ಒಂದರ ಕೆಳಗೊಂದು ಮೂಡಿದಾಗ ಹುಡುಗನ ಮುಖ ಅರಳಿತು.

‘ಶೋ ಸ್ಟ್ಯಾಕಿಂಗ್‌ಲಿಂಕ್’ ಕೊಟ್ಟರೆ ಕೊಂಡಿಗಳೆಲ್ಲ ಕಾಣುತ್ತಿದ್ದವು. ಸಂಪರ್ಕ ಸರಿ, ಹೆಚ್ಚುವರಿ ದಾರಿಯೂ ಸರಿ.

ಮೇಲಿನ ಸ್ವಿಚ್‌ಗಳಿಗೆ ಹೇಗೆ ಸೇರಿಸಬೇಕು ಎಂಬುದರ ಮೇಲೆ ನಮ್ಮಲ್ಲಿ ನಿಜವಾದ ಚರ್ಚೆ ನಡೆಯಿತು. “ಸ್ಪ್ಯಾನಿಂಗ್ ಟ್ರೀ ಮಾತನಾಡದ ಪೆಟ್ಟಿಗೆಯನ್ನು ನನ್ನ ಸ್ವಿಚ್‌ಗೆ ಹೇಗೆ ಬಿಟ್ಟುಕೊಳ್ಳಲಿ?” ಎಂದು ಹಿರಿಯರು ಪಟ್ಟು ಹಿಡಿದರು. ಸ್ವಿಚ್‌ಗಳು ತಮ್ಮೊಳಗೆ ಮಾತನಾಡಿ ಲೂಪ್ ತಪ್ಪಿಸಿಕೊಳ್ಳುವ ಕ್ರಮವೇ ಸ್ಪ್ಯಾನಿಂಗ್ ಟ್ರೀ; ಅವರ ಆತಂಕ ನ್ಯಾಯವಾದದ್ದು. ವರ್ಚುವಲ್ ಕನೆಕ್ಟ್ ಮೇಲಿನ ಜಾಲಕ್ಕೆ ಸ್ವಿಚ್‌ನಂತೆ ಕಾಣುವುದಿಲ್ಲ, ಹಲವು ಮ್ಯಾಕ್ ವಿಳಾಸಗಳಿರುವ ಒಂದು ಸರ್ವರ್‌ನಂತೆ ಕಾಣುತ್ತದೆ. ಒಂದು ಅಪ್‌ಲಿಂಕ್‌ನಿಂದ ಬಂದ ಪ್ಯಾಕೆಟ್ಟನ್ನು ಇನ್ನೊಂದು ಅಪ್‌ಲಿಂಕ್‌ಗೆ ಅದು ದಾಟಿಸುವುದೇ ಇಲ್ಲ; ಹಾಗಾಗಿ ಅದರ ಮೂಲಕ ಲೂಪ್ ಆಗುವುದಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಅವರು ಒಪ್ಪುವವರಲ್ಲ. ಪರೀಕ್ಷೆಗೆಂದು ಇಟ್ಟ ಸ್ವಿಚ್ಚೊಂದಕ್ಕೆ ಎರಡು ಕೇಬಲ್ ಚುಚ್ಚಿ, ಒಂದು ಸಕ್ರಿಯವಾಗಿ ಇನ್ನೊಂದು ಕಾದು ಕೂತದ್ದನ್ನು ತೋರಿಸಿದ ಮೇಲೆ ತಲೆಯಾಡಿಸಿದರು. ಸ್ವಿಚ್‌ನ ಆ ಪೋರ್ಟ್‌ಗಳನ್ನು ಅಂಚಿನ ಟ್ರಂಕ್ ಪೋರ್ಟ್ (ಹಲವು ವಿಲ್ಯಾನ್ ಹೊರುವ, ಸರ್ವರ್ ಕಡೆಯ ಪೋರ್ಟ್) ಎಂದು ಗುರುತಿಸಿ, ಸೇರಿಸಿದ ಕೂಡಲೇ ಹರಿವು ಶುರುವಾಗುವಂತೆ ಮಾಡಿಕೊಟ್ಟರು.

ಹಲವು ಕೇಬಲ್‌ಗಳನ್ನು ಒಂದೇ ದಾರಿಯಾಗಿ ಕಟ್ಟುವ ಎಲ್‌ಎಸಿಪಿ ಗುಂಪಿನ ನಿಯಮವೂ ಮುಖ್ಯ. ಹಲವು ಅಪ್‌ಲಿಂಕ್‌ಗಳು ಒಂದೇ ಗುಂಪಾಗಿ ಒಟ್ಟಿಗೆ ದುಡಿಯಬೇಕೆಂದರೆ ಅವೆಲ್ಲ ಒಂದೇ ಮಾಡ್ಯೂಲ್‌ನಲ್ಲಿರಬೇಕು. ಒಂದೇ ಅಪ್‌ಲಿಂಕ್ ಸೆಟ್‌ಗೆ ಎರಡು ಮಾಡ್ಯೂಲ್‌ಗಳ ಪೋರ್ಟ್ ಹಾಕಿದರೆ ಒಂದು ಕಡೆಯದು ದುಡಿಯುತ್ತದೆ, ಇನ್ನೊಂದು ಕಡೆಯದು ಸುಮ್ಮನೆ ಕಾಯುತ್ತದೆ. ದುಡ್ಡು ಕೊಟ್ಟ ಕೇಬಲ್ ಸುಮ್ಮನೆ ಕೂರಬಾರದು ಎಂದು ಎರಡು ಸೆಟ್ ಮಾಡಿದೆವು. ‘ಎ’ ಸೆಟ್ ಮೊದಲ ಚಾಸಿಸ್ಸಿನ ಗೂಡು 1ರಲ್ಲಿ, ಎಕ್ಸ್2 ಮತ್ತು ಎಕ್ಸ್3. ‘ಬಿ’ ಸೆಟ್ ಎರಡನೆಯ ಚಾಸಿಸ್ಸಿನ ಗೂಡು 2ರಲ್ಲಿ, ಅದೇ ಸಂಖ್ಯೆಯ ಪೋರ್ಟ್‌ಗಳು. ಎರಡನ್ನೂ ಒಂದೇ ಚಾಸಿಸ್ಸಿಗೆ ಕೊಡುವುದು ಸುಲಭವಿತ್ತು. ಆದರೆ ಆ ಚಾಸಿಸ್ಸೇ ಆರಿದರೆ ಇನ್ನೊಂದಕ್ಕೆ ಹೊರಗೆ ಹೋಗುವ ಬಾಗಿಲೇ ಇರುವುದಿಲ್ಲ. ಓರೆಯಾಗಿ ಹಂಚಿದ್ದರಿಂದ ಯಾವ ಪೆಟ್ಟಿಗೆ ಹೋದರೂ ಉಳಿದದ್ದಕ್ಕೆ ತನ್ನದೇ ಒಂದು ಬಾಗಿಲು. ಇದಕ್ಕೆ ಕೊಡುವ ಬೆಲೆ, ಅರ್ಧದಷ್ಟು ಹರಿವು ಹೆಣಿಗೆಯ ಕೇಬಲ್ ದಾಟಿಯೇ ಹೋಗಬೇಕು. ಅದು 10 ಗಿಗಾಬಿಟ್‌ನದು, ನಮ್ಮ ಹೊರೆಗೆ ಧಾರಾಳ.

ಮೊದಲು ಚುಚ್ಚಿದಾಗ ‘ಎ’ ಸೆಟ್‌ನ ಎರಡನೆಯ ಪೋರ್ಟ್ ‘ಸ್ಟ್ಯಾಂಡ್‌ಬೈ’ ಎಂದೇ ತೋರಿಸಿತು. ಒಂದೇ ಮಾಡ್ಯೂಲ್‌ನ ಎರಡೂ ಪೋರ್ಟ್ ಸಕ್ರಿಯವಾಗಿರಬೇಕಿತ್ತು. ಇಂಥ ಕಡೆ ‘ಸ್ಟ್ಯಾಂಡ್‌ಬೈ’ ಕಂಡರೆ ಎದುರಿನ ಸ್ವಿಚ್ ಎಲ್‌ಎಸಿಪಿ ಮಾತನಾಡುತ್ತಿಲ್ಲ ಎಂದೇ ತಿಳಿಯಬೇಕು. ಸ್ವಿಚ್‌ನ ಗುಂಪು ‘ಆನ್’ ಸ್ಥಿತಿಯಲ್ಲಿತ್ತು, ಅಂದರೆ ಕೇಳದೆಯೇ ಕಟ್ಟಿದ ಸ್ಥಿರ ಗುಂಪು. ವರ್ಚುವಲ್ ಕನೆಕ್ಟ್‌ಗೆ ಅದು ಆಗದು. ‘ಆ್ಯಕ್ಟಿವ್’ ಎಂದು ಬದಲಾಯಿಸಿದ ಕೂಡಲೇ ಎರಡೂ ಪೋರ್ಟ್‌ಗಳಿಗೆ ಒಂದೇ ಗುಂಪಿನ ಸಂಖ್ಯೆ ಬಂತು.

ನೆಟ್‌ವರ್ಕ್‌ಗಳನ್ನು ಮಾಡುವ ಕೆಲಸಕ್ಕೆ ಪರದೆಯನ್ನು ಮುಚ್ಚಿಟ್ಟೆ. ಪ್ರತಿ ವಿಲ್ಯಾನ್‌ಗೂ ‘ಎ’ ಕಡೆಗೊಂದು, ‘ಬಿ’ ಕಡೆಗೊಂದು ನೆಟ್‌ವರ್ಕ್ ಬೇಕು. ಪ್ರತಿಯೊಂದಕ್ಕೂ ಹೆಸರು, ಸಂಖ್ಯೆ, ಅಪ್‌ಲಿಂಕ್ ಸೆಟ್, ಸ್ಮಾರ್ಟ್‌ಲಿಂಕ್ (ಇದರ ಕೆಲಸ ಮುಂದೆ ಹೇಳುತ್ತೇನೆ). ಪಠ್ಯ ಕಡತದಲ್ಲಿ ಒಂದು ಸಾಲು ಬರೆದರೆ ಉಳಿದದ್ದು ಸಂಖ್ಯೆ ಬದಲಿಸಿದ ನಕಲು. ‘ಆ್ಯಡ್ ಅಪ್‌ಲಿಂಕ್‌ಸೆಟ್’ ಎಂದು ಸೆಟ್. ‘ಆ್ಯಡ್ ಅಪ್‌ಲಿಂಕ್‌ಪೋರ್ಟ್’ ಎಂದು ಅದಕ್ಕೆ ಪೋರ್ಟ್. ‘ಆ್ಯಡ್ ನೆಟ್‌ವರ್ಕ್’ ಎಂದು ಹೆಸರು, ಸೆಟ್, ವಿಲ್ಯಾನ್ ಸಂಖ್ಯೆ. ‘ಸೆಟ್ ನೆಟ್‌ವರ್ಕ್’ ಎಂದು ಸ್ಮಾರ್ಟ್‌ಲಿಂಕ್ ಚಾಲೂ. ಪೋರ್ಟ್‌ನ ವಿಳಾಸ ಬರೆಯುವ ಕ್ರಮ ಚಾಸಿಸ್, ಗೂಡು, ಪೋರ್ಟ್, ನಡುವೆ ಕೋಲನ್ (:) ಚಿಹ್ನೆ. ಮೊದಲ ಚಾಸಿಸ್ಸಿನ ಸಂಖ್ಯೆ ಸೊನ್ನೆ. ಕಡತವನ್ನು ಹಿರಿಯರಿಗೆ ಕಳುಹಿಸಿದೆ. ಅವರು ತಮ್ಮ ಸ್ವಿಚ್‌ನ ಟ್ರಂಕ್ ಪಟ್ಟಿಯೊಂದಿಗೆ ಹೋಲಿಸಿ, ಅವರ ಕಡೆ ಬಿಟ್ಟುಹೋಗಿದ್ದ ಒಂದು ವಿಲ್ಯಾನನ್ನು ಸೇರಿಸಿಕೊಂಡರು. ಪರದೆಯಲ್ಲಿ ಒತ್ತಿದ ಗುಂಡಿಗಳನ್ನು ಹೀಗೆ ಇನ್ನೊಬ್ಬರ ಕೈಗೆ ಕೊಟ್ಟು ಪರಿಶೀಲಿಸಿ ಎನ್ನಲು ಆಗುವುದಿಲ್ಲ. ಎರಡು ವಿಭಾಗದವರು ಒಂದೇ ಕಾಗದ ನೋಡಿ ಒಪ್ಪಬೇಕಾದ ಕಡೆ ಆಜ್ಞಾಸಾಲಿಗೆ ಬದಲಿಯಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಪ್ರೊಫೈಲ್ ಕಟ್ಟುವಾಗ ಸಂಪರ್ಕಗಳ ಕ್ರಮ ಮರೆಯಬಾರದು. ಬ್ಲೇಡ್‌ನ ಮುಖ್ಯ ಹಲಗೆಯಲ್ಲಿ 10 ಗಿಗಾಬಿಟ್‌ನ ಎರಡು ಪೋರ್ಟ್; ಫ್ಲೆಕ್ಸ್-10 ಒಂದೊಂದನ್ನೂ ನಾಲ್ಕಾಗಿ ಸೀಳಿ, ಎ, ಬಿ, ಸಿ, ಡಿ ಎಂದು ಹೆಸರಿಟ್ಟು, ಆಪರೇಟಿಂಗ್ ಸಿಸ್ಟಮ್‌ಗೆ ಒಟ್ಟು ಎಂಟು ಕಾರ್ಡ್‌ಗಳಂತೆ ತೋರಿಸುತ್ತದೆ. ಪ್ರೊಫೈಲ್‌ನ ಮೊದಲ ಸಂಪರ್ಕ ಪೋರ್ಟ್ 1ರ ಎ ಭಾಗಕ್ಕೆ, ಎರಡನೆಯದು ಪೋರ್ಟ್ 2ರ ಎ ಭಾಗಕ್ಕೆ, ಮೂರನೆಯದು ಪೋರ್ಟ್ 1ರ ಬಿ ಭಾಗಕ್ಕೆ. ಹೀಗೆ ಎಡ ಬಲ ಎಡ ಬಲ ಎಂದು ಸಾಗುತ್ತದೆ. ಆದ್ದರಿಂದ ಬೆಸ ಸಂಪರ್ಕಗಳಿಗೆ ‘ಎ’ ಕಡೆಯ ನೆಟ್‌ವರ್ಕ್, ಸಮ ಸಂಪರ್ಕಗಳಿಗೆ ‘ಬಿ’ ಕಡೆಯದು. ಒಂದೇ ಭೌತಿಕ ಪೋರ್ಟ್‌ನ ಎರಡು ಭಾಗಗಳಿಗೆ ಒಂದೇ ನೆಟ್‌ವರ್ಕ್ ಕೊಡಲು ಅದು ಬಿಡುವುದಿಲ್ಲ. ವೇಗವನ್ನು 100 ಮೆಗಾಬಿಟ್ ಹೆಜ್ಜೆಗಳಲ್ಲಿ ಹಂಚಬಹುದು. ನಾವು ಆಡಳಿತಕ್ಕೆ 500 ಮೆಗಾಬಿಟ್, ವರ್ಚುವಲ್ ಯಂತ್ರಗಳ (ಒಂದು ಸರ್ವರ್‌ನೊಳಗೆ ತಂತ್ರಾಂಶದಿಂದ ಕಟ್ಟಿದ ಯಂತ್ರಗಳ) ಸ್ಥಳಾಂತರಕ್ಕೆ 2.5 ಗಿಗಾಬಿಟ್, ಸಂಗ್ರಹಣೆಗೆ 3, ವರ್ಚುವಲ್ ಯಂತ್ರಗಳ ಸ್ವಂತ ಹರಿವಿಗೆ 4 ಕೊಟ್ಟೆವು. ಕೂಡಿದರೆ ಸರಿಯಾಗಿ 10.

ಎಲ್ಲವೂ ಹಸಿರಾಗಿ ಕಂಡ ಮೇಲೆ ಶನಿವಾರ ರಾತ್ರಿ ಕೇಬಲ್ ಕೀಳುವ ಕೆಲಸ. ನನ್ನ ಮಟ್ಟಿಗೆ ಇಡೀ ಯೋಜನೆಯ ಜೀವ ಇಲ್ಲಿದೆ. ಸ್ಮಾರ್ಟ್‌ಲಿಂಕ್‌ನ ಕೆಲಸ ಏನೆಂದರೆ, ಒಂದು ನೆಟ್‌ವರ್ಕ್‌ನ ಅಪ್‌ಲಿಂಕ್‌ಗಳೆಲ್ಲ ಸತ್ತರೆ ಸರ್ವರ್ ಕಡೆಯ ಕಾರ್ಡಿನ ಲಿಂಕನ್ನೂ ಬೀಳಿಸುವುದು. ಹಾಗೆ ಬೀಳಿಸದಿದ್ದರೆ ಸರ್ವರ್‌ಗೆ ಮಾಡ್ಯೂಲ್‌ವರೆಗಿನ ಲಿಂಕ್ ಕಾಣುತ್ತಲೇ ಇರುತ್ತದೆ. ದಾರಿ ಮುಂದೆ ಮುಚ್ಚಿದೆ ಎಂದು ತಿಳಿಯದೆ ಅದೇ ಕಾರ್ಡಿಗೆ ಪ್ಯಾಕೆಟ್ ಕಳುಹಿಸುತ್ತಲೇ ಇರುತ್ತದೆ. ‘ಎ’ ಸೆಟ್‌ನ ಎರಡೂ ಕೇಬಲ್‌ಗಳನ್ನು ಸ್ವಿಚ್ ತುದಿಯಲ್ಲಿ ಎಳೆಯಿತು ಹುಡುಗನ ಕೈ. ನಾನು ವರ್ಚುವಲ್ ಯಂತ್ರಗಳನ್ನು ಓಡಿಸುವ ವಿಎಂವೇರ್ ಹೋಸ್ಟ್‌ಗಳ ಕಾರ್ಡ್ ಪಟ್ಟಿ ನೋಡುತ್ತ ಕೂತಿದ್ದೆ. ಮಹಾಪೆಯ ಬ್ಲೇಡ್‌ಗಳಲ್ಲಿ ಬೆಸ ಕಾರ್ಡ್‌ಗಳೆಲ್ಲ ಬಿದ್ದವು, ಹರಿವು ಸಮ ಕಾರ್ಡ್‌ಗಳಿಗೆ ಜಾರಿತು, ಪಿಂಗ್ ಒಂದೆರಡು ಉತ್ತರ ತಪ್ಪಿಸಿ ಮುಂದುವರಿಯಿತು.

“ಸರ್, ಪುಣೆಯವು ಬಿದ್ದೇ ಇಲ್ಲ” ಎಂದ ಹುಡುಗ.

ನಿಜ. ಅವುಗಳಲ್ಲಿ ಎಂಟೂ ಕಾರ್ಡ್‌ಗಳು ಚಾಲೂ ಎಂದೇ ಇದ್ದವು, ಅವುಗಳ ಮೇಲಿನ ಅರ್ಧದಷ್ಟು ವರ್ಚುವಲ್ ಯಂತ್ರಗಳು ಮಾತ್ರ ಮೌನ. ಒಂದೇ ಡೊಮೈನ್, ಒಂದೇ ನೆಟ್‌ವರ್ಕ್, ಒಂದೇ ಬಗೆಯ ಪ್ರೊಫೈಲ್. ಎರಡೂ ಕಡೆ ಬಿಎಲ್460ಸಿ ಜಿ6 ಬ್ಲೇಡ್. ವ್ಯತ್ಯಾಸ ಇರಬೇಕಾದ್ದು ಬ್ಲೇಡ್‌ನೊಳಗೆ. ಒಂದು ಭೌತಿಕ ಪೋರ್ಟನ್ನು ನಾಲ್ಕಾಗಿ ಸೀಳಿದ ಮೇಲೆ ನಾಲ್ಕರಲ್ಲಿ ಒಂದರ ಲಿಂಕನ್ನು ಮಾತ್ರ ಬೀಳಿಸುವುದು ತಂತಿಯ ಮಟ್ಟದಲ್ಲಿ ಆಗುವ ಕೆಲಸವಲ್ಲ. ಮಾಡ್ಯೂಲ್ ಒಂದು ಸಂದೇಶ ಕಳುಹಿಸಿ “ಈ ಭಾಗವನ್ನು ಬಿದ್ದಿದೆ ಎಂದು ತೋರಿಸು” ಎಂದು ಕಾರ್ಡಿಗೆ ಹೇಳಬೇಕು, ಕಾರ್ಡಿಗೆ ಆ ಸಂದೇಶ ಅರ್ಥವಾಗಬೇಕು. ಈ ದಾರಿಗೆ ಡಿವೈಸ್ ಕಂಟ್ರೋಲ್ ಚಾನೆಲ್ ಎಂದು ಹೆಸರು. ಕಾರ್ಡಿನ ಫರ್ಮ್‌ವೇರ್, ಆಪರೇಟಿಂಗ್ ಸಿಸ್ಟಮ್‌ನ ಡ್ರೈವರ್ ಎರಡಕ್ಕೂ ಅದು ಗೊತ್ತಿರಬೇಕು. ಪುಣೆಯ ಬ್ಲೇಡ್‌ಗಳ ಕಾರ್ಡ್ ಫರ್ಮ್‌ವೇರ್ ವರ್ಷಗಳಿಂದ ಬದಲಾಗಿರಲಿಲ್ಲ. ಮಾಡ್ಯೂಲ್ ಹೇಳುತ್ತಲೇ ಇತ್ತು, ಕೇಳುವವರಿರಲಿಲ್ಲ. ಪರದೆಯಲ್ಲಿ ಸ್ಮಾರ್ಟ್‌ಲಿಂಕ್ ಚಾಲೂ ಎಂದೇ ಬರೆದಿತ್ತು, ಅದು ಸುಳ್ಳೂ ಅಲ್ಲ. ಕೇಬಲ್ ಕೀಳದೆ ಇದು ತಿಳಿಯುವ ಬಗೆ ನನಗಂತೂ ಕಾಣುವುದಿಲ್ಲ.

ಫರ್ಮ್‌ವೇರ್ ಮತ್ತು ಡ್ರೈವರ್ ಎರಡನ್ನೂ ಏರಿಸಿದೆವು. ಒಂದನ್ನೇ ಏರಿಸಿದ ಬ್ಲೇಡ್ ಒಂದರಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಫಲ ಸಿಕ್ಕಿರಲಿಲ್ಲ, ಜೋಡಿಯಾಗಿಯೇ ಬೇಕು. ಮತ್ತೆ ಕೇಬಲ್ ಕಿತ್ತೆವು. ಈ ಬಾರಿ ಬಿದ್ದವು. ಒಂದೇ ಸಂಪರ್ಕದಲ್ಲಿ ಹಲವು ವಿಲ್ಯಾನ್ ಹೊತ್ತ ಕಾರ್ಡ್‌ನ ಮಾತು ಸ್ವಲ್ಪ ಬೇರೆ: ಅದರ ನೆಟ್‌ವರ್ಕ್‌ಗಳೆಲ್ಲವೂ ಸತ್ತಾಗ ಮಾತ್ರ ಲಿಂಕ್ ಬೀಳುತ್ತದೆ. ನಮ್ಮಲ್ಲಿ ಒಂದು ಕಡೆಯ ವಿಲ್ಯಾನ್‌ಗಳೆಲ್ಲ ಒಂದೇ ಸೆಟ್‌ನಲ್ಲಿ ಇರುವುದರಿಂದ ಅವು ಒಟ್ಟಿಗೇ ಸಾಯುತ್ತವೆ, ಅಡ್ಡಿಯಿಲ್ಲ.

ಆಮೇಲೆ ಹೆಣಿಗೆಯ ಕೇಬಲ್ ಒಂದನ್ನು ತೆಗೆದೆವು. ಸಂಪರ್ಕ ಉಳಿಯಿತು, ಹೆಚ್ಚುವರಿ ದಾರಿ ಇಲ್ಲ ಎಂಬ ಎಚ್ಚರಿಕೆ ಬಂತು. ಎರಡನೆಯ ಚಾಸಿಸ್ ಪೂರ್ತಿ ಆರಿಸಿದೆವು. ಮೊದಲನೆಯದು ‘ಎ’ ದಾರಿಯಲ್ಲಿ ಓಡಿತು. ಕೊನೆಗೆ ಎರಡನೆಯದನ್ನು ಮತ್ತೆ ಚಾಲೂ ಮಾಡಿ, ಮೊದಲನೆಯದರ ವಿದ್ಯುತ್ ಆರಿಸಿದೆವು. ಎರಡನೆಯದರ ಸರ್ವರ್‌ಗಳು ‘ಬಿ’ ದಾರಿಯಲ್ಲಿ ಓಡುತ್ತಲೇ ಇದ್ದವು, ಆದರೆ ಮ್ಯಾನೇಜರ್ ಇರುವುದು ಮೊದಲ ಚಾಸಿಸ್ಸಿನಲ್ಲಿ ಮಾತ್ರ, ಆದ್ದರಿಂದ ಪರದೆಯೂ ಇಲ್ಲ, ಆಜ್ಞಾಸಾಲೂ ಇಲ್ಲ. ಅದು ಮರಳಿ ಏಳುವ ತನಕ ಪ್ರೊಫೈಲ್ ಮುಟ್ಟಲು ಬರುವುದಿಲ್ಲ. ಈ ಮಿತಿಯನ್ನು ರಾತ್ರಿ ಪಾಳಿಯವರ ಸೂಚನಾ ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ.

ಪ್ರೊಫೈಲ್ ಸಾಗಿಸುವ ಪರೀಕ್ಷೆಗೆ ನಿಜವಾದ ಅವಕಾಶವೇ ಒದಗಿತು. ಮೊದಲ ಚಾಸಿಸ್ಸಿನ ಮುಂದಿನ ಗೂಡು 5ರ ಬ್ಲೇಡ್ ಮೆಮೊರಿ ದೋಷ ತೋರಿಸುತ್ತಿತ್ತು. ಅದನ್ನು ಆರಿಸಿ, ‘ಅನ್‌ಅಸೈನ್ ಪ್ರೊಫೈಲ್’ ಕೊಟ್ಟು, ಡಿಸ್ಕ್‌ಗಳನ್ನು ಕಿತ್ತು ಎರಡನೆಯ ಚಾಸಿಸ್ಸಿನ ಗೂಡು 16ರಲ್ಲಿದ್ದ ಅದೇ ಮಾದರಿಯ ಬಿಡಿ ಬ್ಲೇಡ್‌ಗೆ ಹಾಕಿ, ‘ಅಸೈನ್ ಪ್ರೊಫೈಲ್’ ಎಂದು ಹೊಸ ಗೂಡಿಗೆ ಕಟ್ಟಿ, ಚಾಲೂ ಮಾಡಿದೆವು. ಅದೇ ಮ್ಯಾಕ್, ಐಪಿ ಹಂಚುವ ಡಿಎಚ್‌ಸಿಪಿಯಿಂದ ಅದೇ ಐಪಿ, ವಿಸಿಎಕ್ಸ್ ಎಂದು ಶುರುವಾಗುವ ಅದೇ ಸೀರಿಯಲ್ ಸಂಖ್ಯೆ. ಸೀರಿಯಲ್‌ಗೆ ಅಂಟಿಕೊಂಡ ಒಂದು ತಂತ್ರಾಂಶದ ಪರವಾನಗಿ ತಕರಾರಿಲ್ಲದೆ ತೆರೆಯಿತು. ಸ್ವಿಚ್‌ನಲ್ಲಿ ಹಿರಿಯರು ಒಂದಕ್ಷರ ಬದಲಿಸಬೇಕಾಗಲಿಲ್ಲ. “ಇದಕ್ಕೆ ನಾನು ಒಪ್ಪಿದೆ ಮಾರಾಯರೇ” ಎಂದು ಅವರು ಬೆನ್ನು ತಟ್ಟಿದಾಗ ನನಗೆ ಆದ ಸಂತೋಷ ದೊಡ್ಡದು. ಮಧ್ಯಾಹ್ನ ವಾಶಿಯ ಉಡುಪಿ ಹೋಟೆಲಿನಲ್ಲಿ ಊಟ ಅವರದ್ದೇ.

ಬ್ಯಾಕಪ್ ಈಗ ತಾನಾಗಿ ನಡೆಯುತ್ತದೆ. ಒಂದು ಲಿನಕ್ಸ್ ಯಂತ್ರ ಪ್ರತಿ ರಾತ್ರಿ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು ‘ಸೇವ್ ಕಾನ್ಫಿಗ್‌ಬ್ಯಾಕಪ್’ ಕೊಟ್ಟು ಕಡತವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಜೊತೆಗೆ ಪ್ರೊಫೈಲ್, ನೆಟ್‌ವರ್ಕ್, ಅಪ್‌ಲಿಂಕ್ ಸೆಟ್, ಹೆಣಿಗೆ ಇವುಗಳ ‘ಶೋ’ ಉತ್ತರಗಳನ್ನು ಗಿಟ್‌ನಲ್ಲಿ (ಕಡತಗಳ ಬದಲಾವಣೆಯ ಚರಿತ್ರೆ ಕಾಯುವ ತಂತ್ರಾಂಶದಲ್ಲಿ) ಇಡುತ್ತದೆ. ನಿನ್ನೆಗೂ ಇವತ್ತಿಗೂ ಒಂದು ಸಾಲು ಬದಲಾಗಿದ್ದರೂ ನನಗೆ ಮತ್ತು ಹಿರಿಯರಿಗೆ ಮಿಂಚಂಚೆ ಬರುತ್ತದೆ. ಯಾರಾದರೂ ಪರದೆಯಲ್ಲಿ ಏನನ್ನಾದರೂ ಒತ್ತಿದರೆ ಅದೂ ಇಲ್ಲಿ ಕಾಣುತ್ತದೆ. ಹಳೆಯ ಬ್ಯಾಕಪ್ ಮರಳಿ ಹಾಕುವವರು ಒಂದನ್ನು ನೆನಪಿಡಬೇಕು: ಅದರ ನಂತರ ಮಾಡಿದ ಪ್ರೊಫೈಲ್‌ಗಳೆಲ್ಲ ಅಳಿಸಿಹೋಗುತ್ತವೆ, ಅವುಗಳ ವಿಳಾಸಗಳು ಮತ್ತೆ ಖಾಲಿ ಎಂದು ಎಣಿಕೆಯಾಗಿ ಬೇರೆ ಸರ್ವರ್‌ಗೆ ಹಂಚಿಕೆಯಾಗಬಹುದು. ಆದ್ದರಿಂದ ಮೊದಲು ಗಿಟ್‌ನ ಪಠ್ಯ ನೋಡಿ, ಆಮೇಲೆ ಮರಳಿ ಹಾಕಿ.

ಶ್ರೇಣಿಗಳಿಗೂ ಒಂದು ಪಟ್ಟಿ ಮಾಡಿದ್ದೇವೆ, ಅದೇ ಗಿಟ್‌ನಲ್ಲಿ. ಶ್ರೇಣಿ 1 ಮಹಾಪೆಯ ಈ ಜಂಟಿ ಡೊಮೈನಿಗೆ. ಶ್ರೇಣಿ 2 ಬೆಂಗಳೂರಿನ ಶಾಖೆಯ ಚಾಸಿಸ್ಸಿಗೆ. ಅದು ಇನ್ನೂ ಸ್ವತಂತ್ರವಾಗಿದೆ, ಮುಂದೆ ಇಲ್ಲಿಗೆ ಬಂದರೂ ಬರಬಹುದು. ಹೊಸ ಡೊಮೈನ್ ಕಟ್ಟುವವರು ಪಟ್ಟಿಯಲ್ಲಿ ಸಾಲು ಸೇರಿಸಿ, ನಮ್ಮಿಬ್ಬರಲ್ಲಿ ಒಬ್ಬರ ಒಪ್ಪಿಗೆ ಪಡೆದ ಮೇಲೆಯೇ ಶ್ರೇಣಿ ಆರಿಸಬೇಕು. ಈ ಡೊಮೈನಿನಲ್ಲಿ ಇನ್ನೂ ಎರಡು ಚಾಸಿಸ್‌ಗೆ ಜಾಗವಿದೆ, ಅದಕ್ಕೆ ಬೇಕಾದ ಎಕ್ಸ್6 ಪೋರ್ಟ್‌ಗಳನ್ನು ಖಾಲಿ ಬಿಟ್ಟು ಚೀಟಿ ಅಂಟಿಸಿದ್ದೇವೆ.